ಯುವಿ ಟ್ಯೂಬ್, ಕೈದೀಪ, ಹೈಪೋ: ಒಂದೇ ಮೇಜಿನ ಮೇಲೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಚಿಕ್ಕ ರಕ್ತಪರೀಕ್ಷಾ ಲ್ಯಾಬಿನಲ್ಲಿ ಕಳೆದ ಮಳೆಗಾಲದಲ್ಲಿ ಆರು ವಾರ ಮೂರು ಬಗೆಯ ಸೋಂಕುನಿವಾರಣೆಯನ್ನು ಹೋಲಿಸಿ ನೋಡಿದೆ: ಗೋಡೆಗೆ ಕೂರಿಸಿದ 30 ವ್ಯಾಟ್‌ನ ಯುವಿ (ಅತಿನೇರಳೆ ಬೆಳಕಿನ) ಟ್ಯೂಬ್, ಕೈಯಲ್ಲಿ ಹಿಡಿದು ಆಡಿಸುವ ಯುವಿ ದೀಪ, ಮತ್ತು ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಪ್ರತಿ ಸಲವೂ ಮೊದಲೊಮ್ಮೆ, ಆಮೇಲೊಮ್ಮೆ ಮೇಜಿನಿಂದ ಹತ್ತಿಕಡ್ಡಿಯ ಸ್ವಾಬ್ ತೆಗೆದು, ಸೂಕ್ಷ್ಮಜೀವಿ ಬೆಳೆಸುವ ಅಗಾರ್ ಪ್ಲೇಟಿಗೆ ಸವರಿ, 37 ಡಿಗ್ರಿಯಲ್ಲಿ ಒಂದು ದಿನ ಇಟ್ಟೆ. ಹೈಪೋದ ಉಳಿಕೆ ಪ್ಲೇಟಿನ ಮೇಲೂ ಕೆಲಸ ಮಾಡಿ ಫಲಿತಾಂಶವನ್ನು ಸುಳ್ಳಾಗಿಸದಿರಲೆಂದು ಆ ಸ್ವಾಬುಗಳನ್ನು ಮಾತ್ರ ಹೈಪೋವನ್ನು ನಿಷ್ಕ್ರಿಯಗೊಳಿಸುವ ಥಯೋಸಲ್ಫೇಟ್ ದ್ರಾವಣದಲ್ಲಿ ನೆನೆಸಿದ್ದೆ.

ಟ್ಯೂಬಿನ ಬೆಳಕು ಬಹುಪಾಲು 254 ನ್ಯಾನೋಮೀಟರ್ ತರಂಗದ್ದು. ಅದು ಸೂಕ್ಷ್ಮಜೀವಿಯ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಎಂಬ ಘಟಕಗಳನ್ನು ಬೆಸೆದು, ಜೀವಿಯು ಸಂಖ್ಯೆಯಲ್ಲಿ ಬೆಳೆಯದಂತೆ ಮಾಡುತ್ತದೆ. ಅರ್ಧ ಗಂಟೆ ಬೆಳಕು ನೇರವಾಗಿ ಬಿದ್ದ ಬರಿಯ ಮೇಜಿನಲ್ಲಿ ಕಾಲೊನಿಗಳು, ಅಂದರೆ ಪ್ಲೇಟಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಚುಕ್ಕೆಗಳು, ಬೆರಳೆಣಿಕೆಗೆ ಇಳಿದವು. ಆದರೆ ಅದೇ ಮೇಜಿನಲ್ಲಿ ಟೆಸ್ಟ್ ಟ್ಯೂಬ್ ಸ್ಟ್ಯಾಂಡಿನ ನೆರಳು ಬಿದ್ದ ಜಾಗದ ಪ್ಲೇಟು ಮೊದಲಿನಂತೆಯೇ ತುಂಬಿತ್ತು. ನಮ್ಮಲ್ಲಿ ಸ್ವಚ್ಛತೆ ನೋಡಿಕೊಳ್ಳುವ ವಿಜಯಪುರದ ಅಕ್ಕ ಮೊದಲ ವಾರವೇ, "ಧೂಳ ಒರಸಲಾರದ ದೀಪ ಹಚ್ಚಿದ್ರ ಏನ್ ಉಪಯೋಗರೀ ಅಣ್ಣಾರ?" ಎಂದು ಕೇಳಿದ್ದರು. ಅವರು ಹೇಳಿದ್ದು ನಿಜವಾಯಿತು: ಒರಸದ ಮೇಜಿಗೂ ಒರಸಿದ ಮೇಜಿಗೂ ವ್ಯತ್ಯಾಸ ಎದ್ದು ಕಾಣುತ್ತಿತ್ತು, ಏಕೆಂದರೆ ಈ ಕಿರಣ ಧೂಳಿನ ಪದರವನ್ನು ದಾಟಿ ಒಳಗೆ ಹೋಗುವುದಿಲ್ಲ.

ಕೈದೀಪವನ್ನು ನಾನು ಕೊಳ್ಳಬಾರದಿತ್ತು. ಕೊಲ್ಲುವ ಪ್ರಮಾಣವು ಬೆಳಕಿನ ತೀವ್ರತೆ ಮತ್ತು ಸಮಯ ಇವೆರಡರ ಗುಣಲಬ್ಧವಾದ್ದರಿಂದ, ಮಂದ ದೀಪವನ್ನು ಕೆಲವೇ ಕ್ಷಣ ಆಡಿಸಿದರೆ ಸಾಲದು. ಪ್ಲೇಟುಗಳಲ್ಲಿ ಬದಲಾವಣೆಯೇ ಕಾಣಲಿಲ್ಲ.

ಮೇಲ್ಮೈಗೆ ನನ್ನ ಆಯ್ಕೆ ಹೈಪೋ. 0.1 ಶೇಕಡಾ ದ್ರಾವಣದಿಂದ ಒರಸಿ, ಒಂದು ನಿಮಿಷವಾದರೂ ಒದ್ದೆಯಾಗಿಯೇ ಬಿಟ್ಟರೆ ಮೂಲೆ, ಸಂದು, ಸ್ಟ್ಯಾಂಡಿನ ಅಡಿ ಎಲ್ಲವೂ ಸ್ವಚ್ಛವಾಗುತ್ತಿದ್ದವು. ರಕ್ತ ಚೆಲ್ಲಿದಲ್ಲಿ 0.5 ಶೇಕಡಾ ಬಳಸುತ್ತೇವೆ. ವಾಸನೆ ಇದೆ, ಉಕ್ಕನ್ನು ತಿನ್ನುತ್ತದೆ, ದಿನವೂ ಹೊಸದಾಗಿ ಕಲಸಬೇಕು.

ಗಾಳಿಯ ವಿಷಯ ಬೇರೆ. ಅಲ್ಲಿ ಹೈಪೋಗೆ ಕೆಲಸವಿಲ್ಲ. ಅಮೆರಿಕದ ಸಂಶೋಧಕ ವಿಲಿಯಂ ವೆಲ್ಸ್ ಫಿಲಡೆಲ್ಫಿಯಾ ಸುತ್ತಲಿನ ಶಾಲೆಗಳಲ್ಲಿ ಕೋಣೆಯ ಮೇಲ್ಭಾಗಕ್ಕೆ ಮಾತ್ರ ಯುವಿ ಹಾಯಿಸಿ ದಡಾರದ ಹರಡುವಿಕೆಯನ್ನು ತಗ್ಗಿಸಿದ್ದರು. ಜನ ಕೆಳಗೆ ಕುಳಿತಿರುವಾಗಲೇ ಮೇಲಿನ ಗಾಳಿ ಶುದ್ಧವಾಗುವುದು ಆ ವಿಧಾನದ ಬಲ. ನಮ್ಮ ಕೋಣೆಯಲ್ಲಿ ಮೇಲ್ಭಾಗವನ್ನು ಅಟ್ಟ ಆವರಿಸಿರುವುದರಿಂದ ಅದು ಸಾಧ್ಯವಾಗಲಿಲ್ಲ. ಕಣ್ಣಿಗೂ ಚರ್ಮಕ್ಕೂ ಅಪಾಯವೆಂದು ಟ್ಯೂಬನ್ನು ರಾತ್ರಿ ಖಾಲಿ ಕೋಣೆಯಲ್ಲೇ ಉರಿಸಬೇಕು, ಆದರೆ ಬೆಳಿಗ್ಗೆ ಏಳಕ್ಕೆ ಕೆಮ್ಮುತ್ತ ಬರುವವರ ಉಸಿರಿಗೆ ರಾತ್ರಿಯ ಬೆಳಕು ಏನೂ ಮಾಡಲಾರದು. ಗಾಳಿಯ ತೇವ 60-70 ಶೇಕಡಾ ಮೀರಿದರೆ ಯುವಿಯ ಪರಿಣಾಮ ಕುಗ್ಗುತ್ತದೆ, ಮುಂಬಯಿಯ ಜುಲೈ ತಿಂಗಳಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಗಾಳಿಯ ಪರೀಕ್ಷೆಗೆಂದು ಹಗಲು ತೆರೆದಿಟ್ಟ ಪ್ಲೇಟುಗಳಲ್ಲಿ ಕಡಿಮೆ ಕಾಲೊನಿ ಕಂಡದ್ದು ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿದ ದಿನಗಳಲ್ಲಿ.

ಈಗ ಟ್ಯೂಬನ್ನು ಗೋಡೆಯಿಂದ ಇಳಿಸಿ, ಕಲ್ಚರ್ (ಸೂಕ್ಷ್ಮಜೀವಿ ಬೆಳೆಸುವ ಪರೀಕ್ಷೆ) ಮಾಡುವ ಮುಚ್ಚಿದ ಕ್ಯಾಬಿನೆಟ್ಟಿಗೆ ಹಾಕಿದ್ದೇವೆ. ಶಕ್ತಿ ಕುಂದಿದ ಮೇಲೂ ಅದು ನೀಲಿಯಾಗಿ ಉರಿಯುತ್ತಲೇ ಇರುತ್ತದಾದ್ದರಿಂದ, ಉರಿದ ಗಂಟೆಗಳನ್ನು ಅಕ್ಕ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಾರೆ.