ವಿವಿಡ್, ಸ್ಟ್ಯಾಂಡರ್ಡ್, ಸಿನಿಮಾ: ಮೂರರಲ್ಲಿ ನಾನು ಇಟ್ಕೊಂಡಿದ್ದು

ಮೊದಲೇ ಹೇಳ್ಬಿಡ್ತೀನಿ, ಟಿವಿ ಚಿತ್ರದ ಬಣ್ಣ, ಬೆಳಕು ಬದಲಾಯಿಸೋ ಈ ಮೂರು ಪಿಕ್ಚರ್ ಮೋಡ್‌ಗಳಲ್ಲಿ ನನ್ನ ಓಟು ಸಿನಿಮಾ ಮೋಡ್‌ಗೆ. ಹೊಸ ಫುಲ್ ಎಚ್‌ಡಿ ಟಿವಿ ತಂದ ಮೊದಲ ವಾರ ವಾಪಸ್ ಕೊಟ್ಬಿಡೋಣ ಅಂತ ಬಾಕ್ಸ್ ಕೂಡ ಎಸೀದೆ ಇಟ್ಟಿದ್ದೆ, ಅಂಗಡೀಲಿ ಕಣ್ಣು ಕುಕ್ಕೋ ಹಾಗಿದ್ದ ಚಿತ್ರ ಮನೇಲಿ ನೋಡಿದ್ರೆ ಎಲ್ಲರ ಮುಖಾನೂ ಬಿಸಿಲಲ್ಲಿ ಬೆಂದ ಹಾಗೆ ಕೆಂಪಗೆ. ಅಂಗಡಿ ಲೈಟಿನ ಎದುರು ಎದ್ದು ಕಾಣ್ಲಿ ಅಂತ ವಿವಿಡ್‌ನಲ್ಲಿ ಇಟ್ಟಿರ್ತಾರೆ, ನಾನು ಅದರಲ್ಲೇ ನೋಡ್ತಾ ಕೂತಿದ್ದೆ.

ವಿವಿಡ್‌ನಲ್ಲಿ ಬಿಳಿ ಶರ್ಟು ನೀಲಿ ಜಾಸ್ತಿಯಾದ ಬಟ್ಟೆ ಥರ, ಅದರ ಮಡಿಕೆ, ಗುಂಡಿ ಎಲ್ಲ ಮಾಯ. ಸ್ಟ್ಯಾಂಡರ್ಡ್ ಪರವಾಗಿಲ್ಲ, ಹಗಲಲ್ಲಿ ಸಾಕು.

ಸಿನಿಮಾ ಮೋಡ್ ಹಾಕಿದ ಮೊದಲ ದಿನ ಮಂಕು, ಹಳದಿ ಅನ್ಸುತ್ತೆ, ಎರಡು ದಿನ ತಡ್ಕೊಳ್ಳಿ. ಸ್ಟುಡಿಯೋ ಮಾನಿಟರ್‌ಗಳ ಬಿಳಿ ಸುಮಾರು 6500 ಕೆಲ್ವಿನ್‌ಗೆ ಇರುತ್ತೆ (ಬಿಳಿ ಎಷ್ಟು ಹಳದಿ, ಎಷ್ಟು ನೀಲಿ ಅನ್ನೋದರ ಅಳತೆ, ಅಂಕಿ ಏರಿದಷ್ಟೂ ನೀಲಿ), ಈ ಮೋಡು ಅದಕ್ಕೆ ಹತ್ತಿರ, ಹಳದಿ ಅನ್ಸಿದ್ದು ನಮ್ಮ ಕಣ್ಣಿಗೆ ನೀಲಿ ಅಭ್ಯಾಸ ಆಗಿರೋದ್ರಿಂದ. ಜೊತೆಗೆ ಶಾರ್ಪ್‌ನೆಸ್ 50ರಿಂದ 10ಕ್ಕೆ ಇಳಿಸಿದೆ, ಸಬ್‌ಟೈಟಲ್ ಅಕ್ಷರದ ಸುತ್ತ ಇದ್ದ ತೆಳು ಗೆರೆ ಹೋಯ್ತು.

ಆದ್ರೆ ತಲೆ ತಿಂದಿದ್ದು ಬೇರೇನೇ, ಮೋಷನ್ ಸ್ಮೂಥಿಂಗ್. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತೆ, ಹುಡುಕೋದೇ ಕಷ್ಟ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಇರುತ್ತೆ, ಟಿವಿ ಮಧ್ಯ ಮಧ್ಯ ತಾನೇ ಫ್ರೇಮ್ ಸೃಷ್ಟಿ ಮಾಡಿ ತುಂಬುತ್ತೆ, ಆಗ ದೊಡ್ಡ ಬಜೆಟ್ ಸಿನಿಮಾನೂ ಸೀರಿಯಲ್ ಥರ ಜಾರ್ಕೊಂಡು ಹೋಗುತ್ತೆ. ಕಂಬಿ ಬೇಲಿ ಹಿಂದೆ ಒಬ್ಬ ನಡ್ಕೊಂಡು ಹೋಗೋ ಸೀನಲ್ಲಿ ಅವನ ಮೊಣಕೈ ಸುತ್ತ ಕಂಬಿಗಳು ನೀರಲ್ಲಿ ಅಲ್ಲಾಡಿದ ಹಾಗೆ ಅಲ್ಲಾಡ್ತಿದ್ವು.

ಸರಿ ಅಂತ ಆಫ್ ಮಾಡಿದೆ. ಮಾರನೇ ದಿನ ಟಿವಿ ಒಳಗಿನ ಆ್ಯಪ್‌ನಲ್ಲಿ ಸಿನಿಮಾ ಹಾಕಿದ್ರೆ ಮತ್ತೆ ಅದೇ ಜಾರಾಟ! ಮನೇಲಿ ಯಾರೋ ರಿಮೋಟ್ ಒತ್ತಿದ್ದಾರೆ ಅಂತ ಎಲ್ಲರ ಮೇಲೂ ರೇಗಾಡಿದ್ದಾಯ್ತು. ಮೂರು ದಿನ ಒದ್ದಾಡಿದ ಮೇಲೆ ಗೊತ್ತಾಗಿದ್ದು, ನನ್ನ ಟಿವಿ ಪ್ರತಿ ಇನ್‌ಪುಟ್‌ಗೂ, ಅಂದ್ರೆ ಕೇಬಲ್ ಚುಚ್ಚೋ ಒಂದೊಂದು ಎಚ್‌ಡಿಎಂಐ ಕಿಂಡಿಗೂ, ಒಳಗಿನ ಆ್ಯಪ್‌ಗೂ, ಬೇರೆ ಬೇರೆ ಸೆಟ್ಟಿಂಗ್ ನೆನಪಿಟ್ಕೊಳುತ್ತೆ, ನಾನು ಸರಿ ಮಾಡಿದ್ದು ಎಚ್‌ಡಿಎಂಐ 1ಕ್ಕೆ ಮಾತ್ರ. ಎಲ್ಲಾ ಇನ್‌ಪುಟ್‌ಗೂ ಹಾಕು ಅನ್ನೋ ಆಯ್ಕೆನೂ ಇಲ್ಲ, ಕೂತ್ಕೊಂಡು ಒಂದೊಂದಕ್ಕೂ ಮಾಡ್ಬೇಕು. ಇದಿಷ್ಟು ಮುಗೀತು ಅಂದ್ಕೊಂಡ್ರೆ ರಾತ್ರಿ ಚಿತ್ರ ತಾನಾಗೇ ಕಪ್ಪಾಗ್ತಿತ್ತು, ಅದು ಪವರ್ ಸೇವಿಂಗ್ ಕೆಲಸ, ಅದೂ ಆಫ್.

ಸ್ಮೂಥಿಂಗ್ ಆಫ್ ಮಾಡಿದ ಮೇಲೆ ಕ್ಯಾಮೆರಾ ನಿಧಾನಕ್ಕೆ ತಿರುಗೋವಾಗ ಸ್ವಲ್ಪ ತಡವರಿಸುತ್ತೆ, ಯಾಕಂದ್ರೆ ನನ್ನದು 60 ಹರ್ಟ್ಸ್ ಪ್ಯಾನಲ್, ಸೆಕೆಂಡಿಗೆ 60 ಸಲ ಚಿತ್ರ ತೋರಿಸುತ್ತೆ, 24 ಅದರಲ್ಲಿ ಸಮ ಕೂರಲ್ಲ, ಒಂದು ಫ್ರೇಮ್ ಮೂರು ಸಲ, ಮುಂದಿಂದು ಎರಡು ಸಲ ತೋರಿಸ್ಬೇಕು. 120 ಆದ್ರೆ ಎಲ್ಲಾ ಫ್ರೇಮೂ ಐದೈದು ಸಲ ಸಮವಾಗಿ ಬರುತ್ತೆ, ಆದ್ರೆ ಅಷ್ಟು ದುಡ್ಡು ನನ್ನತ್ರ ಇರ್ಲಿಲ್ಲ. 2019ರಲ್ಲಿ ಯುಎಚ್‌ಡಿ ಅಲಯನ್ಸ್ ಅನ್ನೋ ಟಿವಿ ಕಂಪನಿ, ಸ್ಟುಡಿಯೋಗಳ ಒಕ್ಕೂಟ ಫಿಲ್ಮ್‌ಮೇಕರ್ ಮೋಡ್ ಅಂತ ತಂತು, ಸ್ಮೂಥಿಂಗ್ ತಾನೇ ಆಫ್ ಆಗುತ್ತೆ, ಅದಿರೋ ಟಿವಿ ನಿಮ್ಮದಾದ್ರೆ ಸ್ಮೂಥಿಂಗ್ ಹುಡುಕಿ ಆಫ್ ಮಾಡೋ ನನ್ನ ಗೋಳು ನಿಮಗಿಲ್ಲ.

ನಾನು ನೋಡೋದು ಹೆಚ್ಚಾಗಿ ರಾತ್ರಿ, ಒಂದೇ ಲೈಟ್ ಹಾಕ್ಕೊಂಡು, ಹಾಗಾಗಿ ಆ್ಯಪ್‌ಗಳಿಗೆ ಸಿನಿಮಾ ಮೋಡು. ಹಗಲು ಮ್ಯಾಚ್ ನೋಡೋ ಸೆಟ್‌ಟಾಪ್ ಬಾಕ್ಸ್ ಎಚ್‌ಡಿಎಂಐ 1ರಲ್ಲಿದೆ, ಅದಕ್ಕೆ ಸ್ಟ್ಯಾಂಡರ್ಡ್ ಹಾಕಿಟ್ಟಿದ್ದೀನಿ, ಬೈಕೊಂಡಿದ್ದ ಇನ್‌ಪುಟ್ ನೆನಪು ಇಲ್ಲಿ ಮಾತ್ರ ಕೆಲಸಕ್ಕೆ ಬಂತು.