ಈರುಳ್ಳಿ ಹೆಚ್ಚಲು ಸ್ಲೈಸರ್ ಕೊಳ್ಳುವ ಮುನ್ನ

ಮನೆಯಲ್ಲಿ ಈರುಳ್ಳಿ ಹೆಚ್ಚುವುದಕ್ಕೆಂದು ಉಜ್ಜುವ ಸ್ಲೈಸರ್ ತರುವ ಯೋಚನೆ ಯಾರಿಗಾದರೂ ಇದ್ದರೆ, ದಯವಿಟ್ಟು ತರಬೇಡಿ. ಪ್ಲಾಸ್ಟಿಕ್ ಹಲಗೆಯ ನಡುವೆ ಓರೆಯಾಗಿ ಅಲಗು ಕೂರಿಸಿ, ತರಕಾರಿಯನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜಿದಾಗ ತೆಳ್ಳನೆಯ ಬಿಲ್ಲೆಗಳು ಕೆಳಗೆ ಬೀಳುವಂತೆ ಮಾಡಿರುವ ಸಾಧನದ ಬಗ್ಗೆ ಹೇಳುತ್ತಿದ್ದೇನೆ. ಮೈಸೂರಿನ ನಮ್ಮ ಮನೆಯಲ್ಲಿ ಅದು ಅತ್ತಿಗೆಯವರ ಬಲಗೈ ಹೆಬ್ಬೆರಳಿನ ತುದಿಯನ್ನು, ಉಗುರಿನ ಒಂದು ಅಂಚಿನ ಸಮೇತ, ಕತ್ತರಿಸಿಹಾಕಿತು.

ದಸರೆಯ ದಿನಗಳಲ್ಲಿ ಊರಿನಲ್ಲಿ ಏಳುವ ತಾತ್ಕಾಲಿಕ ಮಳಿಗೆಯೊಂದರಲ್ಲಿ ಅದನ್ನು ಕೊಂಡದ್ದು. ಮಾರಾಟಗಾರರು ಮುಷ್ಟಿಗಾತ್ರದ ಈರುಳ್ಳಿಯನ್ನು ಸರಸರನೆ ಉಜ್ಜಿ ತೋರಿಸುತ್ತಿದ್ದರು, ಕಣ್ಣಲ್ಲಿ ನೀರೂ ಬರುವುದಿಲ್ಲವೆಂದು ಹೇಳುತ್ತಿದ್ದರು. ಆ ಪ್ರದರ್ಶನದಲ್ಲಿ ಒಂದು ವಿಷಯವಿತ್ತು, ಅದನ್ನು ಎಲ್ಲರೂ ಗಮನಿಸಬೇಕು: ಈರುಳ್ಳಿ ಅರ್ಧ ಉಳಿದಿರುವಾಗಲೇ ಅವರು ಅದನ್ನು ಪಕ್ಕದ ಬುಟ್ಟಿಗೆ ಹಾಕಿ ಹೊಸದೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು. ಕೊನೆಯ ತುಂಡನ್ನು ಉಜ್ಜಿದ್ದು ಯಾರಿಗೂ ಕಾಣಲಿಲ್ಲ. ಅಪಾಯವಿರುವುದು ಆ ತುಂಡಿನಲ್ಲಿಯೇ.

ಮಂಡ್ಯದಿಂದ ನೆಂಟರು ಬಂದಿದ್ದ ಸಂಜೆ ಅತ್ತಿಗೆಯವರು ಪಕೋಡಕ್ಕೆಂದು ಈರುಳ್ಳಿ ಉಜ್ಜುತ್ತಿದ್ದರು. ಬೆರಳಿಗೆ ರಕ್ಷಣೆಯೆಂದು ಅದರ ಜೊತೆಗೇ ಕೊಟ್ಟಿದ್ದ, ಮೂರು ಗಿಡ್ಡ ಮುಳ್ಳುಗಳಿರುವ ಹಿಡಿಕೆಯನ್ನು ಅವರು ಬಳಸುತ್ತಲೇ ಇದ್ದರು. ಆದರೆ ಈರುಳ್ಳಿ ಆಲೂಗಡ್ಡೆಯಂತೆ ಒಂದೇ ಗಟ್ಟಿಯಲ್ಲ. ತೆಳುವಾದಂತೆಲ್ಲ ಅದರ ಪದರಗಳು ಒಂದರೊಳಗಿಂದ ಒಂದು ಜಾರಿ ಬಿಡಿಬಿಡಿಯಾಗುತ್ತವೆ. ಹೊರಗಿನ ಪದರ ಮುಳ್ಳಿನಲ್ಲೇ ಉಳಿದು ಒಳಗಿನದು ಚಿಮ್ಮಿತು, ಹಿಡಿಕೆ ಪಕ್ಕಕ್ಕೆ ವಾಲಿತು, ಮುಂದಕ್ಕೆ ತಳ್ಳುತ್ತಿದ್ದ ಕೈ ಅದೇ ರಭಸದಲ್ಲಿ ಅಲಗಿನ ಮೇಲೆ ಹೋಯಿತು.

ಗಾಬರಿಯಲ್ಲಿ ಪಕ್ಕದ ಮನೆಯವರು ಗಾಯಕ್ಕೆ ಕಾಫಿಪುಡಿ ಮೆತ್ತಿದರು. ಅವರು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ, ನಮ್ಮ ಕಡೆ ಬಹಳ ಮನೆಗಳಲ್ಲಿರುವ ರೂಢಿ ಅದು. ಆದರೆ ಆಸ್ಪತ್ರೆಯಲ್ಲಿ ವೈದ್ಯರು ಆ ಪುಡಿಯನ್ನೆಲ್ಲ ತೊಳೆದು ತೆಗೆಯಬೇಕಾಯಿತು, ಅತ್ತಿಗೆಯವರಿಗೆ ಕತ್ತರಿಸಿದ ಹೊತ್ತಿಗಿಂತ ಹೆಚ್ಚಿನ ನೋವಾದದ್ದು ಆಗ. ಚಾಕು ತಗುಲಿದರೆ ಸಾಮಾನ್ಯವಾಗಿ ಚರ್ಮ ಸೀಳುತ್ತದೆ, ಸೀಳಿದ್ದನ್ನು ಕೂಡಿಸಿ ಹೊಲಿಯಬಹುದು. ಸ್ಲೈಸರ್ ಮಾಂಸವನ್ನೇ ಬಿಲ್ಲೆಯಾಗಿ ತೆಗೆದುಬಿಡುವುದರಿಂದ ಹೊಲಿಯಲು ಅಂಚೇ ಇರಲಿಲ್ಲ. ಟಿಟಿ ಚುಚ್ಚುಮದ್ದು ಕೊಟ್ಟು, ಪಟ್ಟಿ ಕಟ್ಟಿ, ಒಳಗಿನಿಂದ ತಾನಾಗಿ ಮಾಂಸ ತುಂಬಿಕೊಳ್ಳುವವರೆಗೆ ಕಾಯಬೇಕೆಂದರು. ವಾರಗಳೇ ಹಿಡಿದವು. ಗಾಯ ಮಾಗಿದ ಮೇಲೂ ಆ ತುದಿಯಲ್ಲಿ ಸ್ಪರ್ಶ ಸರಿಯಾಗಿ ತಿಳಿಯುವುದಿಲ್ಲ. ದಾರವನ್ನು ಹೆಬ್ಬೆರಳಿಗೆ ಒತ್ತಿಹಿಡಿದು ಮಲ್ಲಿಗೆ ಕಟ್ಟುವಾಗ ಎರಡು ಮೊಗ್ಗಿಗೊಮ್ಮೆ ಎಳೆ ಸಡಿಲವಾಗುತ್ತದೆ.

ಇಂಥದ್ದೇನಾದರೂ ಆದರೆ ಕಾಫಿಪುಡಿ, ಅರಿಶಿನ ಯಾವುದನ್ನೂ ಹಾಕದೆ, ಹರಿಯುವ ಶುದ್ಧ ನೀರಿನಲ್ಲಿ ತೊಳೆದು, ಒಗೆದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಅದುಮಿ, ಕೈಯನ್ನು ಎದೆಗಿಂತ ಮೇಲೆತ್ತಿ ಹಿಡಿಯಬೇಕು. ನಡುನಡುವೆ ಬಟ್ಟೆ ತೆಗೆದು ನೋಡಿದರೆ ರಕ್ತ ಕಟ್ಟುವುದು ತಡವಾಗುತ್ತದೆ. ಅಷ್ಟಕ್ಕೂ ನಿಲ್ಲದಿದ್ದರೆ, ಅಥವಾ ಮಾಂಸ ಹೋಗಿದ್ದರೆ, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ನಮ್ಮ ಹಿರಿಯರ ಈಳಿಗೆಮಣೆಯಲ್ಲೂ ಅಲಗು ನಿಂತೇ ಇರುತ್ತದಲ್ಲ, ಅದರಲ್ಲಿಲ್ಲದ ಅಪಾಯ ಇದರಲ್ಲೇನು ಎಂದು ಕೆಲವರು ಕೇಳಿದರು. ಈಳಿಗೆಯ ಅಲಗು ಕಣ್ಣೆದುರಿಗೆ ನೆಟ್ಟಗೆ ನಿಂತಿರುತ್ತದೆ, ಈರುಳ್ಳಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಅದಕ್ಕೆ ಒತ್ತುತ್ತೇವೆ, ಬೆರಳು ಎಲ್ಲಿದೆಯೆಂಬುದು ಪ್ರತಿ ಕ್ಷಣವೂ ಕಾಣುತ್ತದೆ. ಸ್ಲೈಸರಿನ ಅಲಗು ಈರುಳ್ಳಿಯ ಅಡಿಯಲ್ಲಿ ಮರೆಯಾಗಿದ್ದು, ಪ್ರತಿ ಉಜ್ಜಿಗೂ ಬೆರಳು ಅದಕ್ಕೆ ಹತ್ತಿರವಾಗುತ್ತ ಹೋಗುತ್ತದೆ. ಚಿಕ್ಕ ಈರುಳ್ಳಿಯಾದರೆ ಆ ಅಂತರ ಮೊದಲೇ ಕಡಿಮೆ. ಆದರೂ ಚಿಕ್ಕ ಮಕ್ಕಳು ಓಡಾಡುವ ಮನೆಯಲ್ಲಿ ಈಳಿಗೆಯನ್ನೂ ನಾನು ಒಪ್ಪುವುದಿಲ್ಲ.

ಕಣ್ಣೀರಿನ ಮಾತೂ ನಿಜವಲ್ಲ. ಈರುಳ್ಳಿಯ ಕೋಶಗಳು ಒಡೆದಾಗ ಒಳಗಿನ ಗಂಧಕದ ಸಂಯುಕ್ತಗಳೂ ಕಿಣ್ವಗಳೂ ಬೆರೆತು, ಸಿನ್-ಪ್ರೊಪೇನ್‌ಥಿಯಾಲ್-ಎಸ್-ಆಕ್ಸೈಡ್ ಎಂಬ, ಬೇಗನೆ ಗಾಳಿಗೆ ಸೇರುವ ವಸ್ತು ಹುಟ್ಟುತ್ತದೆ. ಅದನ್ನು ಹುಟ್ಟಿಸುವ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು 2002ರಲ್ಲಿ ಗುರುತಿಸಿದರು. ಹೆಚ್ಚುವ ಸಾಧನ ಯಾವುದಾದರೂ ಕೋಶ ಒಡೆಯಲೇಬೇಕು. ಅಲಗು ಮೊಂಡಾದಷ್ಟೂ ಕೋಶಗಳು ಜಜ್ಜಿ, ಉರಿ ಹೆಚ್ಚುತ್ತದೆ. ಅಗ್ಗದ ಸ್ಲೈಸರಿನ ಅಲಗು ಮೊಂಡಾದ ಮೇಲೆ ಅದಕ್ಕೆ ಸಾಣೆ ಹಿಡಿಸುವುದೂ ಕಷ್ಟ.

ದಾರ ಎಳೆಯುವ ಚಾಪರ್ ಬೆರಳಿಗೆ ಇಷ್ಟು ಅಪಾಯಕಾರಿಯಲ್ಲ, ತೊಳೆಯುವಾಗ ಮಾತ್ರ ಎಚ್ಚರ ಬೇಕು. ಆದರೆ ಅದರಲ್ಲಿ ತಳದ ಈರುಳ್ಳಿ ನುಣ್ಣಗಾಗಿ ನೀರು ಬಿಡುತ್ತದೆ, ಮೇಲಿನದು ದಪ್ಪವಾಗಿಯೇ ಉಳಿಯುತ್ತದೆ. ಉಪ್ಪಿಟ್ಟಿನ ಒಗ್ಗರಣೆಗೆ ಹಾಕಿದರೆ ಕೆಂಪಗೆ ಬಾಡುವ ಬದಲು ಬೇಯುತ್ತದೆ.

ನಮ್ಮ ಮನೆಯಲ್ಲಿ ಈಗ ಬಳಸುವುದು ಆರೇಳು ಅಂಗುಲದ ಅಲಗಿರುವ, ಸಾಣೆ ಹಿಡಿಸಿದ ಒಂದು ಚಾಕು ಮತ್ತು ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿದ ಮರದ ಹಲಗೆ. ಈರುಳ್ಳಿಯನ್ನು ತುದಿಯಿಂದ ಬೇರಿನವರೆಗೆ ಎರಡು ಹೋಳು ಮಾಡಿ, ಚಪ್ಪಟೆ ಭಾಗ ಕೆಳಗಿರುವಂತೆ ಇಟ್ಟರೆ ಅದು ಉರುಳುವುದಿಲ್ಲ. ಬೇರಿನ ಗಂಟನ್ನು ಕೊನೆಯವರೆಗೂ ತೆಗೆಯಬಾರದು, ಪದರಗಳನ್ನೆಲ್ಲ ಹಿಡಿದಿಟ್ಟಿರುವುದು ಅದೇ. ಬೇರಿನ ಕಡೆಗೆ ಉದ್ದುದ್ದ ಗೀರಿ, ಬಳಿಕ ಅಡ್ಡಡ್ಡ ಹೆಚ್ಚಿದರೆ ಸಣ್ಣ ಚೂರುಗಳಾಗುತ್ತವೆ. ಹಿಡಿದ ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಿಸಿ, ಅಲಗಿನ ಚಪ್ಪಟೆ ಬದಿ ಗೆಣ್ಣಿಗೆ ತಾಕಿಕೊಂಡೇ ಸಾಗುವಂತೆ ನೋಡಿಕೊಳ್ಳಬೇಕು. ಕಣ್ಣುರಿ ತಡೆಯಲಾರದವರು ಹೆಚ್ಚುವ ಅರ್ಧ ಗಂಟೆ ಮೊದಲು ಈರುಳ್ಳಿಯನ್ನು ಫ್ರಿಜ್‌ನಲ್ಲಿಡಬಹುದು, ತಂಪಿನಲ್ಲಿ ಕಿಣ್ವದ ಕೆಲಸ ನಿಧಾನವಾಗುತ್ತದೆ.

ಈಗಾಗಲೇ ಸ್ಲೈಸರ್ ಮನೆಯಲ್ಲಿದ್ದು ಅದನ್ನು ಹೊರಹಾಕುವವರು ಹಾಗೆಯೇ ಕಸದ ಬುಟ್ಟಿಗೆ ಎಸೆಯಬೇಡಿ. ಅಲಗಿನ ಮೇಲೆ ದಪ್ಪ ರಟ್ಟು ಮಡಿಸಿ, ಟೇಪ್ ಸುತ್ತಿ, ಒಣಕಸದ ಗಾಡಿ ಬಂದಾಗ ಒಳಗೆ ಅಲಗಿದೆಯೆಂದು ಪೌರಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿ ಅವರ ಕೈಗೆ ಕೊಡಿ.