ಹಳೆಯದನ್ನು ಅಳಿಸದ ಹೊಸತನ: ಮೂಲ ಸ್ಟಾರ್ ಟ್ರೆಕ್ ಬ್ಲೂ-ರೇ ಸಂಗ್ರಹ

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1966ರಿಂದ 1969ರವರೆಗೆ ಪ್ರಸಾರವಾದ ಮೂಲ ‘ಸ್ಟಾರ್ ಟ್ರೆಕ್’ ಸರಣಿಯ 79 ಕಂತುಗಳು 2009ರಲ್ಲಿ ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ರೂಪದಲ್ಲಿ, ಒಂದೊಂದು ಸೀಸನ್‌ಗೆ ಒಂದೊಂದು ಪೆಟ್ಟಿಗೆಯಾಗಿ ಬಂದವು. ಹಳೆಯ ವೈಜ್ಞಾನಿಕ ಧಾರಾವಾಹಿಗಳನ್ನು ಪ್ರೀತಿಯಿಂದ ಕೂಡಿಡುವವರು ಮೊದಲು ಕೊಳ್ಳಬೇಕಾದ ಸಂಗ್ರಹ ಇಂದಿಗೂ ಇದೇ ಎಂಬುದು ನನ್ನ ಅಭಿಪ್ರಾಯ. ಚಿತ್ರ ಸ್ಪಷ್ಟವಾಗಿದೆ ಎಂಬುದಕ್ಕಿಂತ ದೊಡ್ಡ ಕಾರಣವೊಂದು ಇದಕ್ಕಿದೆ.

ಸರಣಿಗೆ ನಲವತ್ತು ವರ್ಷ ತುಂಬಿದ 2006ರಲ್ಲಿ ಮೂಲ ಫಿಲ್ಮನ್ನು ಸ್ವಚ್ಛಗೊಳಿಸಿ, ಬಾಹ್ಯಾಕಾಶದ ದೃಶ್ಯಗಳನ್ನು ಕಂಪ್ಯೂಟರ್‌ನಲ್ಲಿ ಹೊಸದಾಗಿ ರಚಿಸಿ, ಶೀರ್ಷಿಕೆ ಸಂಗೀತವನ್ನೂ ಮತ್ತೆ ನುಡಿಸಿ ಮುದ್ರಿಸುವ ಕೆಲಸ ಆರಂಭವಾಯಿತು. ಇದರ ಫಲವಾಗಿ ಮೊದಲು ಬಂದ ಡಿವಿಡಿಗಳಲ್ಲಿ ಹೊಸ ದೃಶ್ಯಗಳಷ್ಟೇ ಇದ್ದವು. 1966ರ ಪ್ರೇಕ್ಷಕರು ಕಂಡ, ಕಥೆಯ ಕೇಂದ್ರವಾದ ಬಾಹ್ಯಾಕಾಶ ನೌಕೆ ‘ಎಂಟರ್‌ಪ್ರೈಸ್’ನ ಹಳೆಯ ರೂಪ ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ. ಬ್ಲೂ-ರೇ ಈ ಕೊರತೆಯನ್ನು ನೀಗಿಸಿತು. ಪ್ರತಿ ಕಂತಿನಲ್ಲಿಯೂ ಹಳೆಯ ಮತ್ತು ಹೊಸ ಸ್ಪೆಷಲ್ ಎಫೆಕ್ಟ್ ಎರಡೂ ಇದ್ದು, ಬೇಕಾದುದನ್ನು ನೋಡುಗರೇ ಆರಿಸಿಕೊಳ್ಳಬಹುದು.

ಎರಡರ ನಡುವಣ ವ್ಯತ್ಯಾಸವನ್ನು ಅರಿಯಲು ಎರಡನೆಯ ಸೀಸನ್‌ನ ‘ದ ಡೂಮ್ಸ್‌ಡೇ ಮಷೀನ್’ ಕಂತಿಗಿಂತ ಉತ್ತಮ ಉದಾಹರಣೆ ಇಲ್ಲ. ಜರ್ಜರಿತವಾಗಿ ತೇಲುವ ಕಾನ್‌ಸ್ಟೆಲೇಶನ್ ನೌಕೆಗಾಗಿ ಅಂದಿನ ತಂತ್ರಜ್ಞರು ಅಂಗಡಿಯಲ್ಲಿ ಸಿಗುತ್ತಿದ್ದ ಎಂಟರ್‌ಪ್ರೈಸ್‌ನ ಪ್ಲಾಸ್ಟಿಕ್ ಮಾದರಿ ಕಿಟ್ಟನ್ನೇ ಬಳಸಿಕೊಂಡಿದ್ದರು. ಕಿಟ್ಟಿನೊಂದಿಗೆ ಬಂದ 1701 ಸಂಖ್ಯೆಯ ಅಂಕಿಗಳ ಸ್ಥಾನ ಬದಲಿಸಿ ಅಂಟಿಸಿದ್ದರಿಂದ ಆ ನೌಕೆಗೆ 1017 ಎಂಬ ಸಂಖ್ಯೆ ಬಂದಿತು. ಹೊಸ ರೂಪದಲ್ಲಿ ಅದೇ ನೌಕೆಯ ಸುಟ್ಟ ಲೋಹ, ಹರಿದ ಅಂಚು, ಸುತ್ತ ಚದುರಿದ ಅವಶೇಷಗಳು ಕಾಣುತ್ತವೆ. ಕಥೆಯ ಭೀತಿಗೆ ತಕ್ಕ ದೃಶ್ಯ ಕೊನೆಗೂ ದೊರೆತಿದೆ ಎನ್ನಿಸುತ್ತದೆ. ಆದರೆ ಎಲ್ಲ ಕಂತುಗಳಿಗೂ ಈ ಮಾತು ಸಲ್ಲದು. ಹಲವೆಡೆ ಕಂಪ್ಯೂಟರ್ ನೌಕೆ ಅತಿಯಾಗಿ ನುಣುಪಾಗಿದ್ದು, ತೂಕವೇ ಇಲ್ಲದಂತೆ ಚಲಿಸುತ್ತದೆ. ಇಂದು ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಹನ್ನೊಂದು ಅಡಿ ಉದ್ದದ ಎಂಟರ್‌ಪ್ರೈಸ್‌ನ ನಿಜವಾದ ಮಾದರಿಯ ಮೇಲೆ ದೀಪದ ಬೆಳಕು ಬಿದ್ದಾಗ ಉಂಟಾಗುವ ಗಾಂಭೀರ್ಯವನ್ನು ಅದು ಮುಟ್ಟಲಾರದು.

ಹಾಗೆಂದು ಹಳೆಯ ರೂಪ ನಿರ್ದುಷ್ಟವಾಗಿದೆ ಎಂದಲ್ಲ. ಹಲವು ಫಿಲ್ಮ್ ಪದರಗಳನ್ನು ಒಂದರ ಮೇಲೊಂದು ಮತ್ತೆ ಮತ್ತೆ ಪ್ರತಿ ಮಾಡಿ ಜೋಡಿಸುತ್ತಿದ್ದುದರಿಂದ, ನಟರ ಮುಖ ನಿಚ್ಚಳವಾಗಿ ಕಾಣುತ್ತಿರುವಾಗಲೇ ನೌಕೆಯ ದೃಶ್ಯ ಬಂದೊಡನೆ ಚಿತ್ರ ಒರಟಾಗಿ, ಕಣಕಣವಾಗಿ ಬಿಡುತ್ತದೆ. ನನಗೆ ಅದು ಬೇಸರ ತರುವುದಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ವಾರಕ್ಕೊಂದು ಕಂತು ಸಿದ್ಧಪಡಿಸಬೇಕಾಗಿದ್ದವರ ಶ್ರಮ ಅಲ್ಲಿ ಎದ್ದು ಕಾಣುತ್ತದೆ. ಹೊಡೆದಾಟದ ದೃಶ್ಯಗಳಲ್ಲಿ ನಾಯಕನ ಬದಲಿಗೆ ನಿಂತ ಸಾಹಸ ಕಲಾವಿದನ ಮುಖ ಈಗ ಸ್ಪಷ್ಟವಾಗಿ ಕಾಣುವುದನ್ನು ಮಾತ್ರ ಸಹಿಸಿಕೊಳ್ಳಬೇಕು.

ಅಭಿಮಾನಿಗಳಿಗೆ ನಿಜವಾದ ನಿಧಿ ಇರುವುದು ಹೆಚ್ಚುವರಿ ಭಾಗಗಳಲ್ಲಿ. ಸರಣಿಯುದ್ದಕ್ಕೂ ನೌಕೆಯ ಚಾಲಕನ ಆಸನದಲ್ಲಿ ಹೆಚ್ಚಾಗಿ ಮಾತಿಲ್ಲದೆ ಕಾಣಿಸಿಕೊಳ್ಳುತ್ತಿದ್ದ ಬಿಲ್ಲಿ ಬ್ಲ್ಯಾಕ್‌ಬರ್ನ್, ಚಿತ್ರೀಕರಣದ ಬಿಡುವಿನಲ್ಲಿ ತಮ್ಮದೇ ಮೂವಿ ಕ್ಯಾಮೆರಾದಲ್ಲಿ ಹಿಡಿದಿಟ್ಟ ತುಣುಕುಗಳು ಇಲ್ಲಿವೆ. ಪೂರ್ಣ ವೇಷದಲ್ಲಿರುವ ನಟರು ನಗುತ್ತ ಹರಟುತ್ತಿರುವ ಆ ದೃಶ್ಯಗಳಿಗೆ ಬ್ಲ್ಯಾಕ್‌ಬರ್ನ್ ಅವರೇ ನೆನಪುಗಳನ್ನು ಹೇಳುತ್ತ ಹೋಗುತ್ತಾರೆ. ಯಾವ ಅಧಿಕೃತ ಸಂದರ್ಶನವೂ ಕೊಡದ ಆಪ್ತತೆ ಇದರಲ್ಲಿದೆ.

ಇನ್ನೂ ದೊಡ್ಡ ಶೋಧವೊಂದು ಮೂರನೆಯ ಸೀಸನ್‌ನ ಪೆಟ್ಟಿಗೆಯಲ್ಲಿದೆ. 1965ರಲ್ಲಿ ಚಿತ್ರೀಕರಿಸಿದ ಎರಡನೆಯ ಪೈಲಟ್ ಕಂತಿನ (ಸರಣಿಗೆ ಒಪ್ಪಿಗೆ ಪಡೆಯಲು ಮೊದಲೇ ತಯಾರಿಸುವ ಮಾದರಿ ಕಂತು), ಪ್ರಸಾರವಾಗದೆ ಉಳಿದಿದ್ದ ಆವೃತ್ತಿಯ ಪ್ರತಿಯೊಂದು ಜರ್ಮನಿಯ ಫಿಲ್ಮ್ ಸಂಗ್ರಾಹಕರೊಬ್ಬರ ಬಳಿ ದೊರೆಯಿತು. ಅದರಲ್ಲಿ ಆರಂಭದ ನಿರೂಪಣೆ ಬೇರೆ, ಸಂಗೀತ ಬೇರೆ. ಪ್ರತಿ ಭಾಗದ ಮೊದಲಿಗೆ ನಾಟಕದಂತೆ ಅಂಕದ ಸಂಖ್ಯೆ ಮೂಡುತ್ತದೆ. ಪ್ರೇಕ್ಷಕರು ಪತ್ರಗಳ ಮಳೆಗರೆದು ಒತ್ತಾಯಿಸಿದ್ದರಿಂದ 1968ರಲ್ಲಿ ಮುಂದುವರಿಸಲಾದ ಸೀಸನ್‌ನ ಪೆಟ್ಟಿಗೆಯಲ್ಲಿಯೇ ಖಾಸಗಿ ಸಂಗ್ರಾಹಕರೊಬ್ಬರು ಕಾಪಾಡಿದ ಈ ಪ್ರತಿಯೂ ಸೇರಿರುವುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಮೂರನ್ನೂ ಒಮ್ಮೆಗೇ ಕೊಳ್ಳಲಾಗದವರು ಎರಡನೆಯ ಸೀಸನ್‌ನಿಂದ ತೊಡಗುವುದು ಒಳ್ಳೆಯದು. ಕಥೆಗಳ ಗುಣಮಟ್ಟದಲ್ಲಿ ಅದು ಮೂರನೆಯದಕ್ಕಿಂತ ಬಹಳ ಮೇಲಿದೆ. ಅಷ್ಟೇ ಅಲ್ಲದೆ, ಟ್ರಿಬಲ್‌ಗಳೆಂಬ ರೋಮದುಂಡೆಯಂಥ ಪುಟ್ಟ ಜೀವಿಗಳ ಕಂತಿನ ಹಳೆಯ ದೃಶ್ಯಗಳೊಳಗೆ ಹೊಸ ನಟರನ್ನು ಸೇರಿಸಿ 1996ರಲ್ಲಿ ನಂತರದ ಸ್ಟಾರ್ ಟ್ರೆಕ್ ಸರಣಿಯಾದ ‘ಡೀಪ್ ಸ್ಪೇಸ್ ನೈನ್’ಗಾಗಿ ತಯಾರಿಸಿದ ಗೌರವ ಕಂತು ಕೂಡ ಅದರಲ್ಲಿಯೇ ಇದೆ. ಕೊಳ್ಳುವಾಗ ಡಿವಿಡಿಯನ್ನಲ್ಲ, ಬ್ಲೂ-ರೇಯನ್ನೇ ಆರಿಸಿದ್ದೀರಿ ಎಂಬುದನ್ನು ಖಚಿತಪಡಿಸಿಕೊಳ್ಳಿ.